ಚರಗಕ್ಕೆ ನೆಲ ಹುಡುಕಿದ ಚಳಿಗಾಲ

ಕಳೆದ ವಾರ ಎನ್.ಆರ್. ಕಾಲೋನಿಯ ಅಡ್ಡರಸ್ತೆಯೊಂದರಲ್ಲಿ ತರಕಾರಿ ಚೀಲ ಹಿಡಿದು ಬರುತ್ತಿದ್ದಾಗ ಮೂಗಿಗೆ ಹಳೆಯ ಗಾರೆಯ ಧೂಳು ಬಡಿಯಿತು. ಸಿಮೆಂಟಿನ ಧೂಳಿಗೆ ಈ ವಾಸನೆ ಇರುವುದಿಲ್ಲ. ಸುಣ್ಣ, ಇಟ್ಟಿಗೆಪುಡಿ, ಎಷ್ಟೋ ವರ್ಷ ಬಿಸಿಲು ಕಾಣದ ಜಂತೆ, ಎಲ್ಲ ಸೇರಿದ ಒಂದು ಒಣ ಘಾಟು. ತಲೆಯೆತ್ತಿದರೆ ಒಂದು ಹೆಂಚಿನ ಮನೆ. ಇಬ್ಬರು ಆಳುಗಳು ಅದರ ತಲೆಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಗೋಡೆಗೆ ಒರಗಿಸುತ್ತಿದ್ದರು. ಎದುರಿನ ಹೊಂಗೆಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು, ತೊಡೆಯ ಮೇಲೆ ನೀರಿನ ಬಾಟಲಿ. ಮನೆ ಅವರದೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಮಾತಾಡಿಸೋಣ ಅನ್ನಿಸಿತು. ಆದರೆ ಏನಂತ? ಇಂಥ ಹೊತ್ತಿನಲ್ಲಿ ಊಟ ಆಯಿತಾ ಎಂದು ಕೇಳುವುದಕ್ಕೂ ನಾಲಿಗೆ ಏಳುವುದಿಲ್ಲ. ಸೊಪ್ಪು ಬಾಡಿಹೋಗುತ್ತದೆ ಎಂದು ನನಗೆ ನಾನೇ ನೆಪ ಹೇಳಿಕೊಂಡು ಮನೆ ಕಡೆ ಹೆಜ್ಜೆ ಹಾಕಿದೆ.

ದಾರಿಯುದ್ದಕ್ಕೂ ಆ ಧೂಳಿನ ವಾಸನೆ ಸೀರೆಗೆ ಅಂಟಿಕೊಂಡೇ ಬಂತು. ಅದರ ಜೊತೆ ಅತ್ತೆ ನಮ್ಮ ಮನೆಗೆ ಬಂದ ಮೊದಲ ಚಳಿಗಾಲವೂ ಬಂತು.

ಆ ವರ್ಷ ದಸರಾ ಮುಗಿಯುತ್ತಲೇ ಅತ್ತೆ ಬಂದರು. ಹೆಸರು ನೀಲವ್ವ. ಬಲಗಾಲ ಹೆಬ್ಬೆರಳ ಕೆಳಗಿನ ಹುಣ್ಣು ತಿಂಗಳುಗಟ್ಟಲೆ ಮಾಯದೆ, ಸಕ್ಕರೆ ಕಾಯಿಲೆಯ ಕಾಲು ಹೀಗೇ ಬಿಟ್ಟರೆ ಕಷ್ಟ ಎಂದು ಊರಿನ ಡಾಕ್ಟರು ಹೆದರಿಸಿದ್ದರಿಂದ ನನ್ನ ಮೈದುನ ಅವರನ್ನು ಬಸ್ಸು ಹತ್ತಿಸಿ ಕಳಿಸಿದ. ಹುಣ್ಣು ವಾಸಿಯಾಗುವ ತನಕ ಎಂಬ ಮಾತಾಗಿತ್ತು. ತಂದ ಟ್ರಂಕನ್ನು ಮಂಚದ ಕೆಳಗೆ ತಳ್ಳಿದರೇ ಹೊರತು ಬಿಚ್ಚಲಿಲ್ಲ.

ನನ್ನ ಗಂಡ ಬಸವರಾಜು ಅವರ ಹಿರಿಯ ಮಗ. ಕೃಷ್ಣಾ ಹೊಳೆಯ ದಂಡೆಯಲ್ಲಿದ್ದ ಅವರ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದಾಗ ಇವರಿಗೆ ಕಾಲೇಜು ಆಗಷ್ಟೇ ಮುಗಿದಿತ್ತು. ಊರಿನವರೆಲ್ಲ ದಿಬ್ಬದ ಮೇಲಿನ ಪುನರ್ವಸತಿ ಊರಿಗೆ ಹೋದರೆ ಇವರು ಬೆಂಗಳೂರಿಗೆ ಬಂದರು, ಸರ್ಕಾರಿ ಕೆಲಸ ಹಿಡಿದರು, ನನ್ನನ್ನು ಕಂಡರು. "ಆ ಕಡೆಯವರು ಒರಟು ಕಣೇ, ಖಾರ ಬೇರೆ ಜಾಸ್ತಿ" ಎಂದು ನನ್ನ ಅಪ್ಪ ಗೊಣಗಿದ್ದುಂಟು. ಪಾಪ, ಇವರನ್ನು ನೋಡಿದ ಮೇಲೆ ಅವರಿಗೇ ಬೇಜಾರಾಯಿತು. ಯಾಕೆಂದರೆ ಮನುಷ್ಯ ಒರಟೂ ಅಲ್ಲ, ಖಾರವೂ ಇಲ್ಲ, ಮಾತೇ ಇಲ್ಲ. ಬೆಂಗಳೂರಿನ ಮಾತನ್ನು ನಮಗಿಂತ ಚೆನ್ನಾಗಿ ಕಲಿತಿದ್ದರು. ಅವರಮ್ಮನ ಜೊತೆ ಫೋನಿನಲ್ಲೂ "ಹೇಳಮ್ಮಾ, ಊಟ ಮಾಡಿದ್ಯಾ" ಎನ್ನುತ್ತಿದ್ದರು. ಊರಿನ ಬಗ್ಗೆ ಕೇಳಿದರೆ, "ನೀರಲ್ಲಿದೆ" ಎನ್ನುವುದು. ಮುಂದಕ್ಕೆ ಕೇಳಿದರೆ ಪೇಪರು. ನಮ್ಮ ಮಗಳು ಸಿಂಚನಾಳಿಗೆ ಅಪ್ಪನ ಊರು ಗೊತ್ತಿದ್ದದ್ದು ಅಷ್ಟೇ. ಕಾಲೇಜಿನಲ್ಲಿ ಗೆಳತಿಯರ ಮುಂದೆ "ನಮ್ ನೇಟಿವ್ ಪ್ಲೇಸ್ ಅಂಡರ್‌ವಾಟರ್ ಗೊತ್ತಾ" ಎಂದು ಹೇಳಿಕೊಳ್ಳುವುದಕ್ಕೆ ಅದು ಸಾಕಾಗಿತ್ತು.

ಅವಳಾಗ ಪಿಯುಸಿ ಎರಡನೇ ವರ್ಷ. ಅವಳ ಕೋಣೆಯಲ್ಲೇ ಅಜ್ಜಿಗೂ ಒಂದು ಮಂಚ ಹಾಕಿದೆವು. ಬೇರೆ ಕೋಣೆ ಇದ್ದರಲ್ಲವೇ. ಒಂದು ಗೋಡೆಗೆ ಅವಳ ಕೆಮಿಸ್ಟ್ರಿಯ ಚಾರ್ಟು, ಇನ್ನೊಂದು ಗೋಡೆಯ ಶೆಲ್ಫಿನಲ್ಲಿ ಅತ್ತೆಯ ವಿಭೂತಿ ಗಟ್ಟಿ. ಬೆಳಗಿನ ಇನ್ಸುಲಿನ್ ಕೊಡುವ ಕೆಲಸವನ್ನು ಸಿಂಚನಾಳೇ ವಹಿಸಿಕೊಂಡಳು, ಯಾಕೆಂದರೆ ಸೂಜಿ ಕಂಡರೆ ನನಗೆ ಆಗುವುದಿಲ್ಲ. ಮೊದಲ ನಾಲ್ಕೈದು ದಿನ ಇಬ್ಬರೂ ಒಬ್ಬರಿಗೊಬ್ಬರು ನೆಂಟರಂತೆ ಮರ್ಯಾದೆಯಿಂದಿದ್ದರು. ಅಷ್ಟರಲ್ಲಿ ಶೀಗಿ ಹುಣ್ಣಿಮೆ ಬಂತು.

ನಮ್ಮ ಕಡೆ ಆ ಹುಣ್ಣಿಮೆಗೆ ಹೆಸರೇ ಇಲ್ಲ. ನಾನು ಏಳುವಷ್ಟರಲ್ಲಿ ಅಡುಗೆಮನೆಯಲ್ಲಿ ಅತ್ತೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಮೊಸರನ್ನ ಎಲ್ಲ ಮಾಡಿ ಮುಗಿಸಿದ್ದರು. ಹುಣ್ಣಿನ ಕಾಲಿನಲ್ಲಿ ಅಷ್ಟು ಹೊತ್ತು ಹೇಗೆ ನಿಂತರೋ. ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಅವರೂ ಇಲ್ಲ, ಬುಟ್ಟಿಯೂ ಇಲ್ಲ. ಕೆಳಗೆ ಹೋಗಿ ನಮ್ಮ ಅಪಾರ್ಟ್‌ಮೆಂಟಿನ ಅಂಗೈಯಗಲದ ಹುಲ್ಲುಹಾಸಿಗೆ ಒಂದು ಸುತ್ತು ಬಂದು ಎಲ್ಲ ಅಡುಗೆಯನ್ನೂ ತುಸುತುಸುವೇ ಎರಚಿ, ಕೈ ಮುಗಿದು, ಮೇಲೆ ಬಂದು ನೆಮ್ಮದಿಯಾಗಿ ಊಟಕ್ಕೆ ಕೂತರು. ಹೊಲಕ್ಕೆ ಉಣ್ಣಿಸುವ ಈ ಪದ್ಧತಿಗೆ ಚರಗ ಚೆಲ್ಲುವುದು ಎನ್ನುತ್ತಾರೆ. ಪೈರು ಹೊತ್ತ ಭೂಮಿ ಬಸುರಿ ಹೆಂಗಸಿದ್ದಂತೆ, ಅವಳ ಬಯಕೆ ತೀರಿಸದೆ ಮನೆಯವರು ಬಾಯಿಗೆ ತುತ್ತಿಡಬಾರದು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಎಂಟು ಗಂಟೆಗೆ ಬಾಗಿಲಲ್ಲಿ ಅಸೋಸಿಯೇಷನ್ನಿನ ಸೆಕ್ರೆಟರಿ. "ಯಾರ್ ಮೇಡಂ ಲಾನ್ ಮೇಲೆಲ್ಲ ಅನ್ನ ಪಲ್ಯ ಚೆಲ್ಲಿರೋದು? ಇರುವೆ ಆಗ್ಲೇ ಬಂದಿದೆ. ಇನ್ನು ಇಲಿ ಬರತ್ತೆ."

ನಾನು ಬಾಯಿ ತೆರೆಯುವ ಮೊದಲೇ ಸಿಂಚನಾ ಮುಂದೆ ಬಂದಳು. "ಸಾರಿ ಅಂಕಲ್. ನಮ್ಮಜ್ಜಿ ಮಾಡಿರೋದು. ಹಳ್ಳಿಯವ್ರು, ಅವ್ರಿಗೆ ಇದೆಲ್ಲ ಗೊತ್ತಾಗಲ್ಲ. ನಾನೇ ಕ್ಲೀನ್ ಮಾಡ್ಬಿಡ್ತೀನಿ."

ಪೊರಕೆ, ಮೊರ ಹಿಡಿದು ಕೆಳಗೆ ಹೋದಳು. ಹುಡುಗಿಗೆ ಬೇರೆ ಕೆಟ್ಟ ಯೋಚನೆ ಇರಲಿಲ್ಲ, ಮನೆಯ ಮಾನ ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದಳು. ಎಲ್ಲವನ್ನೂ ಗುಡಿಸಿ ಹಸಿರು ಕಸದ ಬುಟ್ಟಿಗೆ ಸುರಿಯುವಾಗ ಅತ್ತೆ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದರು. ಅವಳು ಮೇಲೆ ಬಂದ ಮೇಲೆ ಒಂದೇ ಮಾತು ಅಂದರು.

"ಅಕಿ ಬಾಯಾಗಿಟ್ಟ ತುತ್ತು ಕಸದ ಬುಟ್ಟಿಗಿ ಹಾಕಿದಿ."

"ಯಾರ ಬಾಯಿ ಅಜ್ಜಿ? ಅದು ಲಾನ್. ನೀವು ಮಾಡಿದ್ದಕ್ಕೆ ನಾನು ಸಾರಿ ಕೇಳ್ಬೇಕು, ಮೇಲೆ ನಂಗೇ ಬೈತೀರ."

ಅತ್ತೆ ಮಗನ ಕಡೆ ನೋಡಿದರು. ಇವರು ತಟ್ಟೆಯಲ್ಲಿದ್ದ ಹೋಳಿಗೆಯಿಂದ ಕಣ್ಣೆತ್ತದೆ, "ಇಲ್ಲಿ ಅದೆಲ್ಲ ನಡೆಯಲ್ಲಮ್ಮ" ಎಂದರು. ಅಲ್ಲಿಗೆ ಮುಗಿಯಿತು. ಅವತ್ತಿನಿಂದ ಅಜ್ಜಿ ಮೊಮ್ಮಗಳ ನಡುವೆ ಮಾತು ನಿಂತಿತು.

ಒಂದೇ ಕೋಣೆಯಲ್ಲಿ ಮಾತು ಬಿಟ್ಟ ಇಬ್ಬರ ನಡುವೆ ಸಂಸಾರ ಮಾಡಿದವರಿಗೇ ಗೊತ್ತು ಅದರ ಸುಸ್ತು. ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. "ನಿಮ್ಮ ಮಗಳಿಗಿ ಫ್ಯಾನ್ ಬಂದ್ ಮಾಡಂತ ಹೇಳವಾ." "ಅಮ್ಮಾ, ಅಜ್ಜಿಗೆ ಹೇಳು, ನಂಗೆ ಟೆಸ್ಟಿದೆ, ಲೈಟ್ ಬೇಕು." ಇಬ್ಬರೂ ನನ್ನ ಎದುರಿಗೇ, ಒಬ್ಬರಿಗೊಬ್ಬರು ಕೇಳಿಸುವಂತೆಯೇ. ಕಾಲೇಜಿನ ಆಫೀಸಿನಲ್ಲಿ ದಿನವಿಡೀ ಹುಡುಗರ ಅರ್ಜಿ ತಿದ್ದಿ ಮನೆಗೆ ಬಂದರೆ ಇಲ್ಲಿ ಇವರಿಬ್ಬರ ಟಪಾಲು. ಆದರೆ ದಿನಾ ಬೆಳಿಗ್ಗೆ ಸಿಂಚನಾ ಫ್ರಿಜ್ಜಿನಿಂದ ಔಷಧ ತೆಗೆದು, ಅಂಗೈಯಲ್ಲಿ ಹೊರಳಿಸಿ, ಮಂಚದ ಬಳಿ ಹೋಗಿ ನಿಲ್ಲುತ್ತಿದ್ದಳು. ಅತ್ತೆ ಮುಖವನ್ನು ಗೋಡೆಗೆ ತಿರುಗಿಸಿ ಹೊಟ್ಟೆಯ ಮೇಲಿನ ಸೆರಗು ಸರಿಸುತ್ತಿದ್ದರು. ಸೂಜಿ ಚುಚ್ಚುವಾಗ ಮಾತಿಲ್ಲ, ತೆಗೆದಾದ ಮೇಲೂ ಇಲ್ಲ. ಆ ಹೊತ್ತಿನಲ್ಲಿ ಅವರಿಬ್ಬರನ್ನು ನೋಡಲು ನನಗೆ ಸಂಕಟವಾಗುತ್ತಿತ್ತು.

ಹುಣ್ಣು ಮಾಯುತ್ತ ಬಂತು. ಕಾಲಿಗೆ ಮೆತ್ತನೆಯ ಚಪ್ಪಲಿ ಕೊಟ್ಟು, ಮನೆಯೊಳಗೂ ಬರಿಗಾಲಲ್ಲಿ ಓಡಾಡಬಾರದು ಎಂದು ಡಾಕ್ಟರು ಹೇಳಿದರು. ಅತ್ತೆ ಊರಿಗೆ ಹೊರಡುವ ಮಾತು ತೆಗೆದರು. ಸಂಕ್ರಾಂತಿ ಕಳೆಯಲಿ ಎಂದು ನಾನೇ ತಡೆದೆ. ಕಾರ್ತಿಕದಲ್ಲಿ ಒಂದು ಸಂಜೆ ಬುಲ್ ಟೆಂಪಲ್ ರಸ್ತೆಯಿಂದ ಹಸಿ ಕಡಲೆಕಾಯಿ ತಂದುಕೊಟ್ಟೆ. ಸಿಪ್ಪೆ ಸುಲಿಯುವ ಮೊದಲು ಅದನ್ನು ಮೂಗಿಗೆ ಹಿಡಿದು, "ಇದರಾಗರೆ ಒಂಚೂರು ಮಣ್ಣಿನ ವಾಸನಿ ಐತಿ ನೋಡು. ನಿಮ್ಮೂರಾಗ ಮಣ್ಣೇ ಕಾಣಂಗಿಲ್ಲಲ್ಲ ತಂಗಿ" ಎಂದರು. ನಿಜ. ಬಸವನಗುಡಿಯಲ್ಲಿ ಮಣ್ಣು ಕಾಣಬೇಕಾದರೆ ಯಾವುದಾದರೂ ಮನೆ ಬೀಳಬೇಕು.

ಬೀಳುವ ಸರದಿ ನಮ್ಮ ತವರಿನದಾಗಿತ್ತು. ಶಂಕರಪುರಂನಲ್ಲಿ ನನ್ನ ತಾತ ಕಟ್ಟಿಸಿದ ಮನೆ. ಅಪ್ಪ ಅಮ್ಮ ಹೋದ ಮೇಲೆ ಅಣ್ಣನೂ ನಾನೂ ಕೂತು ಯೋಚಿಸಿ ಒಬ್ಬ ಬಿಲ್ಡರಿಗೆ ಒಪ್ಪಿಸಿದೆವು. ಜಗಳವಿಲ್ಲ, ಕಣ್ಣೀರಿಲ್ಲ. ಹಳೆ ಮನೆಯ ರಿಪೇರಿ ಮಾಡಿಸಿ ಮಾಡಿಸಿ ಇಬ್ಬರಿಗೂ ಸಾಕಾಗಿತ್ತು. ಮನೆ ಬಿಚ್ಚಲು ಶುರುಮಾಡುವ ದಿನ ನಾನು ರಜೆ ಹಾಕಿದಾಗ ಇವರು ಶೂ ಕಟ್ಟುತ್ತ, ತಲೆ ಎತ್ತದೆ, "ಬಾಗಿಲು ಕೀಳೋವಾಗ ಅಲ್ಲಿರ್ಬೇಡ ಸುಮಾ" ಎಂದರು. ಯಾಕೆ ಎಂದೆ. ಇವರು ಎರಡನೇ ಶೂ ಕಟ್ಟಿ ಬ್ಯಾಗು ಹಿಡಿದು ಹೊರಟರು.

ನಾನು ಇದ್ದೆ. ಮೊದಲು ಕಿತ್ತದ್ದೇ ತಲೆಬಾಗಿಲು. ಅದು ಹೋದ ಮೇಲೆ ಮನೆಗೆ ಮುಖವೇ ಇರಲಿಲ್ಲ. ಬೀದಿಯಲ್ಲಿ ಹೋಗುವವರೆಲ್ಲ ನಮ್ಮ ಅಡುಗೆಮನೆಯ ತನಕ ನೋಡಬಹುದಾಗಿತ್ತು. ಸಂಜೆಯವರೆಗೆ ನಿಂತು, ಒಗೆಯುವ ಕಲ್ಲನ್ನಾದರೂ ಒಡೆಯಬೇಡಿ ಎಂದು ಆಳುಗಳಿಗೆ ಹೇಳಿ, ಮನೆಗೆ ಬಂದೆ. ಅತ್ತೆ ಒಬ್ಬರೇ ಇದ್ದರು. ನಾನು ಒಳಗೆ ಕಾಲಿಟ್ಟದ್ದೇ ಅವರು ಕೂತಲ್ಲಿಂದ ಎದ್ದರು.

"ಮನಿ ಬಿಚ್ಚಿ ಬಂದೇನು ತಂಗಿ?"

ನಾನು ಅವರಿಗೆ ಎಲ್ಲಿಗೆ ಹೋಗುತ್ತೇನೆಂದು ಹೇಳಿರಲಿಲ್ಲ. ಮನೆಯ ವ್ಯವಹಾರ ಅವರಿಗೆ ಯಾಕೆ ಎಂದು ಸುಮ್ಮನಿದ್ದೆ.

"ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?"

"ವಾಸನಿ ಬರಾಕತ್ತೈತಲ್ಲ ನಿನ್ ಮೈಯಾಗ. ಹೋಗು, ತಲಿ ಮ್ಯಾಲೆ ನೀರು ಹಾಕ್ಕೋ. ಇಲ್ಲಾಂದ್ರ ಈ ಧೂಳು ನಿದ್ದಿ ಮಾಡಗೊಡಂಗಿಲ್ಲ."

ಸ್ನಾನ ಮಾಡಿ ಬಂದರೆ ಚಹಾ ಕಾಯಿಸಿ ಇಟ್ಟಿದ್ದರು. ನನಗೆ ಆಗ ಅಳು ಬಂತು, ದಿನವಿಡೀ ಬಾರದೇ ಇದ್ದದ್ದು. ಅತ್ತೆ ಸಮಾಧಾನ ಮಾಡಲಿಲ್ಲ. ತಮ್ಮದನ್ನು ಹೇಳಿದರು. ನೀರು ಬರುವ ಮೊದಲು ಊರಿನವರು ತಮ್ಮ ತಮ್ಮ ಮನೆಗಳನ್ನು ತಾವೇ ಬಿಚ್ಚಿದ್ದರಂತೆ. ಬಾಗಿಲು, ಕಿಟಕಿ, ತೊಲೆ, ಕಂಬ, ಎಲ್ಲ ಟ್ರ್ಯಾಕ್ಟರಿಗೆ. ಅವರ ಮನೆಯ ತಲೆಬಾಗಿಲನ್ನು ಹಾರೆ ಹಾಕಿ ಎಬ್ಬಿಸಿದ್ದು ಬಸವರಾಜು. "ಅಪ್ಪಗ ಕೈಯೇ ಏಳಲಿಲ್ಲ. ಇವನಾ ಕಿತ್ತ. ಹುಡುಗ ಮನಶಾ, ಇಪ್ಪತ್ತೊಂದೋ ಇಪ್ಪತ್ತೆರಡೋ." ಅದಕ್ಕೂ ಮುಂಚೆ, ಕೊನೆಯ ಎಳ್ಳಮಾವಾಸ್ಯೆಗೆ, ಶೀಗಿ ಹುಣ್ಣಿಮೆಯಂತೆ ಅದೂ ಚರಗದ ದಿನವೇ, ಮಾವ ಎಂದಿನಂತೆ ಬಂಡಿ ಹೂಡಿದಾಗ ಇವರು ಹೊರಡಲಿಲ್ಲವಂತೆ. ಹೊಲ ಈಗ ನಮ್ಮದಲ್ಲ, ಸರ್ಕಾರದ್ದು, ಪರಿಹಾರ ಬಂದಾಗಿದೆ, ಪರರ ಹೊಲಕ್ಕೆ ಯಾಕೆ ಉಣ್ಣಿಸುತ್ತೀರಿ ಎಂದು ಅಪ್ಪನ ಮುಖಕ್ಕೆ ಹೇಳಿ ಒಳಗೆ ಹೋಗಿ ಮಲಗಿದರಂತೆ.

"ಚರಗಾ ಒಬ್ಬರ ಕೆಲಸಲ್ಲ ತಂಗಿ. ಮುಂದಿನಾಂವ ಎಡಿ ಚೆಲ್ಕೋತ 'ಹುಲ್ಲುಲ್ಲಿಗೋ' ಅಂತಾನ. ಹಿಂದಿನಾಂವ ನೀರು ಚಿಮುಕಿಸ್ಕೋತ 'ಸಲಾಂಬ್ರಿಗೋ' ಅನಬೇಕು. ಅಪ್ಪ ಮುಂದ, ಮಗ ಹಿಂದ. ಅವತ್ತು ನಾನಾ ಹಿಂದ ಹ್ವಾದ್ನಿ. ಹೆಣ್ಮಕ್ಕಳು ಕೂಗೋ ಪದ್ಧತಿಲ್ಲ. ಆದ್ರ ಯಾರರೆ ಓ ಅನಬೇಕಲ್ಲ."

ಮರುವರ್ಷ ಹೊಲ ಇರಲಿಲ್ಲ. ಅದಾದ ಕೆಲವೇ ವರ್ಷಕ್ಕೆ ಮಾವನೂ ಇರಲಿಲ್ಲ. ನನ್ನ ಗಂಡ ಬಾಗಿಲಿನ ಮಾತು ಯಾಕೆ ಹೇಳಿದರು ಎಂದು ಅವತ್ತು ತಿಳಿಯಿತು. ಅದನ್ನು ಅವರ ಬಳಿ ಎತ್ತಲು ಮಾತ್ರ ನನಗೆ ಧೈರ್ಯ ಬರಲಿಲ್ಲ.

ಮಾರ್ಗಶಿರದ ಚಳಿ ಆ ಸಲ ಜೋರಾಗಿತ್ತು. ಬೆಳಿಗ್ಗೆ ಹಾಲಿನವನೂ ಮಂಕಿ ಟೋಪಿಯೊಳಗಿಂದಲೇ ಮಾತಾಡುತ್ತಿದ್ದ. ಎಳ್ಳಮಾವಾಸ್ಯೆಯ ಹಿಂದಿನ ದಿನ ಅತ್ತೆ ಸಜ್ಜೆ ಹಿಟ್ಟು ತರಿಸಿಕೊಂಡಾಗ, ಎಲ್ಲಿ ಚೆಲ್ಲುತ್ತೀರಿ ಎಂದು ಯಾರೂ ಕೇಳಲಿಲ್ಲ. ಬರೀ ಅಡುಗೆ ಮಾಡಿ ಉಣ್ಣುತ್ತಾರೆ ಎಂದುಕೊಂಡೆವು. ಭಾನುವಾರ. ಅಡುಗೆ ಆಯಿತು. ಸಿಂಚನಾ ಎಂದಿನಂತೆ ಬಂದು ಇನ್ಸುಲಿನ್ ಕೊಟ್ಟಳು. ನಾನು ತಟ್ಟೆಗೆ ರೊಟ್ಟಿ ಹಾಕಿ ತಂದಿಟ್ಟೆ. ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ನಂಗ ಬ್ಯಾಡವಾ. ಅಕಿ ಉಂಡಿಲ್ಲ."

ಜಗಳದ ದನಿಯೇ ಅಲ್ಲ. ಹಸಿವಿಲ್ಲ ಎನ್ನುವಷ್ಟು ಸಹಜವಾಗಿ ಹೇಳಿದರು. ನಾನು ಕೈಮುಗಿದು ಬೇಡಿದೆ. ಇವರು ಕೋಣೆಯ ಬಾಗಿಲಲ್ಲಿ ನಿಂತು, "ಅಮ್ಮಾ, ಇಂಜೆಕ್ಷನ್ ಆಗಿದೆ, ತಿನ್ನದೇ ಇದ್ರೆ ಶುಗರ್ ಇಳಿಯತ್ತೆ, ಸೀರಿಯಸ್ ಆಗತ್ತೆ" ಎಂದು ಆಫೀಸಿನಲ್ಲಿ ಸುತ್ತೋಲೆ ಓದುವವರಂತೆ ಓದಿದರು. ಅತ್ತೆ ತಲೆಯಾಡಿಸಿದರು. ಗೊತ್ತಿದೆ ಎಂದು.

ಸಿಂಚನಾಳ ಮುಖ ಬಿಳಿಚಿಕೊಂಡಿತು. ಸೂಜಿ ಚುಚ್ಚಿದ್ದು ಅವಳ ಕೈ. ಓಡಿಹೋಗಿ ಲೋಟಕ್ಕೆ ಸಕ್ಕರೆ ಕದಡಿ ತಂದು ಮಂಚದ ಬಳಿ ಕುಕ್ಕರುಗಾಲಲ್ಲಿ ಕೂತಳು. ಎರಡು ತಿಂಗಳ ಮೇಲೆ ಮೊದಲ ಮಾತು.

"ಅಜ್ಜಿ, ಪ್ಲೀಸ್. ಒಂದು ಗುಟುಕು ಕುಡೀರಿ. ನಾನೇ ಕೊಟ್ಟಿರೋ ಇಂಜೆಕ್ಷನ್ ಅದು. ನಿಮಗೇನಾದ್ರೂ ಆದ್ರೆ?"

"ನಿಂದೇನ್ ತಪ್ಪೈತಿ ಕೂಸ. ಬಸರಿ ಹೆಂಗಸು ಉಪವಾಸ ಕುಂತಿರತಾಳ, ಅಕಿ ಮುಂದ ನಾ ಹೆಂಗ ಉಣ್ಣಲಿ?"

"ಎಲ್ಲಿದಾಳೆ ಅಜ್ಜಿ ಅವ್ಳು? ಎಲ್ಲಿಗೆ ಹೋಗ್ಬೇಕು ಹೇಳಿ, ಕರ್ಕೊಂಡ್ ಹೋಗ್ತೀನಿ." ಅವಳು ಅಳುತ್ತಿದ್ದಳು.

ಪಾರ್ಕಿಗೆ ಅನ್ನ ತೆಗೆದುಕೊಂಡು ಹೋದರೆ ಕಾವಲಿನವನು ಒಳಗೆ ಬಿಡುವುದಿಲ್ಲ. ಕೆಳಗೆ ಹುಲ್ಲುಹಾಸು, ಸೆಕ್ರೆಟರಿ. ನನಗೆ ಥಟ್ಟನೆ ಹೊಳೆಯಿತು. ಶಂಕರಪುರಂನಲ್ಲಿ ಮನೆಯೆಲ್ಲ ಬಿದ್ದು ಮಣ್ಣು ತೆರೆದುಕೊಂಡಿದೆ, ಪಾಯ ಇನ್ನೂ ತೋಡಿಲ್ಲ. "ರೀ, ಆಟೋ ಕರೀರಿ" ಎಂದೆ.

ಬುಟ್ಟಿ ನನ್ನ ತೊಡೆಯ ಮೇಲೆ, ಅತ್ತೆ ಮಧ್ಯೆ, ಸಿಂಚನಾ ಆ ಕಡೆ, ಕೈಯಲ್ಲಿ ಸಕ್ಕರೆ ನೀರಿನ ಬಾಟಲಿ. ಇವರು ಡ್ರೈವರಿನ ಪಕ್ಕ ಒತ್ತರಿಸಿಕೊಂಡು ಕೂತರು. ಗಾಂಧಿ ಬಜಾರಿನ ಸಿಗ್ನಲ್ಲಿನಲ್ಲಿ ಅತ್ತೆಯ ಹಣೆ ಬೆವರುವುದು ಕಂಡಿತು. ಆ ಚಳಿಯಲ್ಲಿ ಬೆವರು. ನಮ್ಮ ತವರಿನ ಬೀದಿಗೆ ಬಂದಾಗ ಅವರು ಸಿಂಚನಾಳ ಹೆಗಲಿಗೆ ಒರಗಿದ್ದರು. ಸೈಟಿನ ಕಾವಲುಗಾರ ನನ್ನ ಗುರುತು ಹಿಡಿದು ತಗಡಿನ ಗೇಟು ಸರಿಸಿದ.

ಒಳಗೆ ನೆಲ ಕೆಂಪಗೆ, ಹಸಿಯಾಗಿ, ಅಲ್ಲಲ್ಲಿ ಇಟ್ಟಿಗೆ ಚೂರು ಚುಚ್ಚಿಕೊಂಡು ಬಿದ್ದಿತ್ತು. ಇಂಥ ಜಾಗಕ್ಕೆ ಕರೆತಂದೆನಲ್ಲ ಎಂದು ನನಗೆ ನಾಚಿಕೆಯಾಯಿತು.

"ಇಲ್ಲಿ ಬೆಳೆಯಿಲ್ಲ ಅತ್ತೆ. ಬರೀ ಬಿದ್ದ ಮನೆ. ಇಲ್ಲಿ ಮಾಡಬಹುದಾ?"

ಅತ್ತೆ ಬಗ್ಗಿ ಒಂದು ಚಿಟಿಕೆ ಮಣ್ಣು ಉಜ್ಜಿ ನೋಡಿದರು. ಅವರು ಊರಿನಲ್ಲಿ ಕಂಡದ್ದು ಕರಿ ಎರೆಮಣ್ಣು, ಇದು ಕೆಂಪು. ಆಮೇಲೆ ನನ್ನ ಕಡೆ ತಿರುಗಿದರು.

"ಇಷ್ಟು ವರ್ಷ ನಿಮ್ಮನ್ನ, ನಿಮ್ಮಪ್ಪನ್ನ, ನಿಮ್ಮ ಮುತ್ಯಾನ್ನ ಹೊತ್ಕೊಂಡು ನಿಂತಿದ್ಲಲ್ಲ ತಂಗಿ. ಯಾರರೆ ಒಂದು ತುತ್ತು ಹಾಕಿದ್ರೇನು ಇಕಿಗಿ?"

ಆ ಮನೆಯಲ್ಲಿ ಹುಟ್ಟಿದೆ, ಬೆಳೆದೆ, ಕೊನೆಗೆ ಸಹಿ ಹಾಕಿ ಕೊಟ್ಟೆ. ನೆಲ ಅಂತ ಒಂದು ಅದರ ಕೆಳಗಿತ್ತು ಎಂಬ ಯೋಚನೆಯೇ ನನಗೆ ಎಂದೂ ಬಂದಿರಲಿಲ್ಲ.

ಅತ್ತೆ ಚಪ್ಪಲಿ ಕಳಚಿದರು. "ಅಜ್ಜಿ, ಬರಿಗಾಲಲ್ಲಿ ಬೇಡ, ಇಟ್ಟಿಗೆ ಚುಚ್ಚತ್ತೆ, ಮತ್ತೆ ಹುಣ್ಣಾಗತ್ತೆ" ಎಂದು ಸಿಂಚನಾ ತಡೆದಳು. ಚಪ್ಪಲಿ ಮೆಟ್ಟಿ ಚರಗ ಚೆಲ್ಲುವಂತಿಲ್ಲ. ಬೇರೆ ಹೊತ್ತಾಗಿದ್ದರೆ ಅಲ್ಲೊಂದು ಜಗಳವಾಗುತ್ತಿತ್ತು. ಸಿಂಚನಾ ಮಣ್ಣಿನಲ್ಲೇ ಕೂತು ತನ್ನ ಶೂ ಬಿಚ್ಚಿ, ಕಾಲಿನ ದಪ್ಪ ಕಾಲುಚೀಲ ತೆಗೆದು ಅಜ್ಜಿಯ ಕಾಲಿಗೆ ತೊಡಿಸಿದಳು. ಹಳದಿ ಬಣ್ಣದ್ದು, ಮೇಲೆ ಬೆಕ್ಕಿನ ಮುಖ. ಅತ್ತೆ ಒಮ್ಮೆ ಅದನ್ನು ನೋಡಿಕೊಂಡರು. ಬುಟ್ಟಿಯನ್ನು ಮಗನ ಕಡೆ ಚಾಚಿದರು.

"ನೀ ಮುಂದ ನಡಿ."

"ನಂಗೆ ಬರಲ್ಲಮ್ಮ" ಎಂದು ಇವರು ಗೇಟಿನ ಬಳಿಯೇ ನಿಂತರು. 

ಅತ್ತೆ ಬುಟ್ಟಿಯನ್ನು ತಾವೇ ಕಂಕುಳಲ್ಲಿ ಇಟ್ಟುಕೊಂಡರು. ನೀರಿನ ತಂಬಿಗೆ ಸಿಂಚನಾಳ ಕೈಗೆ ಬಂತು. ಅತ್ತೆ ಒಂದು ಹಿಡಿ ಎಡೆ ಎರಚಿ ಕೂಗಿದರು. "ಹುಲ್ಲುಲ್ಲಿಗೋ."

ಯಾರೂ ಓಗೊಡಲಿಲ್ಲ. ಎದುರು ಮನೆಯ ಮಹಡಿಯಲ್ಲಿ ಒಬ್ಬರು ಪೇಪರ್ ಕೆಳಗಿಳಿಸಿ ನೋಡಿದರು. ಅತ್ತೆ ನಾಲ್ಕು ಹೆಜ್ಜೆ ಇಟ್ಟು ಇನ್ನೊಮ್ಮೆ ಕೂಗಿದರು. ದನಿ ಆಗಲೇ ಸೋತಿತ್ತು. ಉತ್ತರ ಬಾರದೆ ಅವರು ಮುಂದಕ್ಕೆ ಹೋಗುವಂತಿರಲಿಲ್ಲ, ನಿಂತರು.

ಸಿಂಚನಾ ಹಿಂದಕ್ಕೆ ತಿರುಗಿ, "ಅಪ್ಪಾ, ಏನ್ ಹೇಳ್ಬೇಕು? ಅಪ್ಪಾ, ಬೇಗ ಹೇಳಿ, ಅಜ್ಜಿ ಬಿದ್ಹೋಗ್ತಾರೆ" ಎಂದಳು.

ಇವರು ತಗಡಿನ ಗೇಟಿನ ಅಂಚು ಹಿಡಿದುಕೊಂಡರು. "ಸಲಾಂಬ್ರಿಗೋ" ಎಂದರು, ನೆಲ ನೋಡುತ್ತ, ಗುಟ್ಟು ಹೇಳಿದ ಹಾಗೆ. "ಸಲಾಂಬ್ರಿಗೋ ಅನ್ನು. ಅಂದು ನೀರು ಚಿಮುಕಿಸು."

ಅವಳು ಕೂಗಿದಳು. ಕಾಲೇಜಿನ ಹುಡುಗಿಯ ತೆಳ್ಳನೆಯ ದನಿ, ನಾಚಿಕೆ ಬಿಟ್ಟ ದನಿ. ಅತ್ತೆ ಮುಂದಕ್ಕೆ ನಡೆದರು. ನಮ್ಮ ನಡುಮನೆ ದಾಟಿ, ದೇವರ ಕೋಣೆ ದಾಟಿ, ಅಮ್ಮ ಒಗ್ಗರಣೆ ಹಾಕುತ್ತಿದ್ದ ಜಾಗಕ್ಕೆ ಬಂದು ಹೋಳಿಗೆ ಮುರಿದು ಚೆಲ್ಲಿದರು. ಮೂರನೆಯ ಸಲ ಕೂಗಿದಾಗ ನನ್ನ ಬೆನ್ನ ಹಿಂದಿನಿಂದ, ಗೇಟಿನ ಕಡೆಯಿಂದ, ಇಷ್ಟು ವರ್ಷದ ಸಂಸಾರದಲ್ಲಿ ನಾನು ಒಮ್ಮೆಯೂ ಕೇಳದ ಒಂದು ದೊಡ್ಡ ದನಿ ಓಗೊಟ್ಟಿತು. ಆಮೇಲೆ ಇವರು ಓಡುತ್ತಲೇ ಬಂದು ಮಗಳ ಪಕ್ಕ ನಡೆದರು. ಒಂದು ಸುತ್ತು ಮುಗಿಯುವಷ್ಟರಲ್ಲಿ ಅತ್ತೆ ಒಗೆಯುವ ಕಲ್ಲಿನ ಮೇಲೆ ಕುಸಿದರು.

"ಯವ್ವಾ, ಸಾಕಿನ್ನ. ಅಕಿ ಉಂಡ್ಲು. ನೀ ಉಣ್ಣು ಈಗ" ಎಂದು ಇವರು ರೊಟ್ಟಿ ಮುರಿದು ಎಣ್ಣೆಗಾಯಿ ಅದ್ದಿ ಬಾಯಿಗಿಟ್ಟರು. ಅತ್ತೆ ಅಗಿದರು. ಕೆನ್ನೆಗೆ ನಿಧಾನಕ್ಕೆ ಬಣ್ಣ ಬಂತು. "ಉಪ್ಪು ಕಮ್ಮಿ ಆಗೈತಿ" ಎಂದರು. ಇವರು ಅಲ್ಲೇ ಕಲ್ಲಿಗೊರಗಿ, ಅಮ್ಮನ ಮೊಣಕಾಲಿಗೆ ತಲೆಯಿಟ್ಟು, ಎದುರು ಮಹಡಿಯವರು ನೋಡುತ್ತಿದ್ದಾರೆ ಎಂಬ ಪರಿವೆಯೂ ಇಲ್ಲದೆ ಅತ್ತರು. ಅಪ್ಪನ ಮಾತು ಎತ್ತಿದರು. ಹೋಗಬೇಕಿತ್ತು ಎಂದರು. ಅತ್ತೆ ಎಣ್ಣೆಗೈಯಲ್ಲೇ ಅವರ ತಲೆ ನೇವರಿಸುತ್ತ ಊಟ ಮುಂದುವರಿಸಿದರು.

ಅಲ್ಲಿಂದ ಎಲ್ಲ ಸರಿಹೋಯಿತು ಎಂದು ಬರೆಯುವಷ್ಟು ಉತ್ಸಾಹ ನನ್ನಲ್ಲಿ ಉಳಿದಿಲ್ಲ. ಫ್ಯಾನಿನ ಜಗಳ, ಲೈಟಿನ ಜಗಳ ಹಾಗೇ ಇದ್ದವು. ಈಗ ನೇರವಾಗಿ ಬೈದಾಡಿಕೊಳ್ಳುತ್ತಿದ್ದರು, ನನಗೆ ಟಪಾಲಿನ ಕೆಲಸ ತಪ್ಪಿತು, ಅಷ್ಟೇ. ಇವರು ಆಗೀಗ ಮಗಳಿಗೆ ಊರಿನ ಒಂದು ಮಾತು ಹೇಳುತ್ತಾರೆ, ನಡುವೆಯೇ ನಿಲ್ಲಿಸುತ್ತಾರೆ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ನೋಡಿದರೆ ಟ್ರಂಕು ಖಾಲಿಯಾಗಿತ್ತು. ಅತ್ತೆಯ ಸೀರೆಗಳು ಸಿಂಚನಾಳ ಜೀನ್ಸ್ ಪಕ್ಕ ಸೇರಿದ್ದವು. ಆ ಹಳದಿ ಕಾಲುಚೀಲ ವಾಪಸು ಬರಲೇ ಇಲ್ಲ.

ನಮ್ಮ ತವರಿನ ಜಾಗದಲ್ಲಿ ಈಗ ನಾಲ್ಕು ಮಹಡಿ, ಕೆಳಗೆ ಕಾರು ನಿಲ್ಲುತ್ತವೆ. ಚರಗ ಮಾತ್ರ ನಿಂತಿಲ್ಲ. ಪ್ರತಿ ವರ್ಷ ಮಾರ್ಗಶಿರ ಬಂತೆಂದರೆ ನಾವು ಬಿದ್ದ ಮನೆ ಹುಡುಕುತ್ತೇವೆ. ಒಂದು ವರ್ಷ ಚಾಮರಾಜಪೇಟೆ, ಒಂದು ವರ್ಷ ಇಲ್ಲೇ ಹಿಂದಿನ ರಸ್ತೆ. ಈ ಊರಿನಲ್ಲಿ ಅದಕ್ಕೇನೂ ಬರವಿಲ್ಲ, ಸಿಗದ ವರ್ಷ ಇನ್ನೂ ಬಂದಿಲ್ಲ. ಈಗ ಬುಟ್ಟಿ ಹಿಡಿದು ಮುಂದೆ ನಡೆಯುವುದು ಇವರು, ಹಿಂದೆ ನೀರು ಚಿಮುಕಿಸುವುದು ಸಿಂಚನಾ. ಕೆಲಸದಲ್ಲಿದ್ದಾಳೆ, ಅವತ್ತು ರಜೆ ಹಾಕುತ್ತಾಳೆ. ಅತ್ತೆಗೆ ನಡೆಯಲಾಗುವುದಿಲ್ಲ, ಗಾಲಿಕುರ್ಚಿಯಲ್ಲಿ ಗೇಟಿನ ಬಳಿ ಕೂರುತ್ತಾರೆ.

ಈ ಸಲ ಆ ಎನ್.ಆರ್. ಕಾಲೋನಿಯ ಮನೆ ಎಂದು ಹೇಳಿದಾಗ ಅತ್ತೆ ಎಂದಿನಂತೆ, "ಯಾರ ಮನಿ ಇತ್ತು ಅದು?" ಎಂದು ಕೇಳಿದರು. ಹೆಸರು ಗೊತ್ತಿಲ್ಲ, ಒಬ್ಬ ಅಮ್ಮ ಎದುರಿಗೆ ಮರದಡಿ ಕೂತಿರುತ್ತಾರೆ ಎಂದೆ.

"ಅಕಿನ್ನ ಬಿಟ್ಟು ನಾವು ಹೆಂಗ ಚೆಲ್ಲೂದು? ಕರಿ ಹೋಗು."

ಇಂಥ ಕೆಲಸಗಳೆಲ್ಲ ನನ್ನ ಪಾಲಿಗೇ. ನಿನ್ನೆ ಹೋದೆ. ಮನೆ ಅರ್ಧ ಇಳಿದಿತ್ತು, ಅವರು ಅದೇ ಕುರ್ಚಿಯಲ್ಲಿದ್ದರು. ಎಲ್ಲಿಂದ ಶುರುಮಾಡುವುದು ತಿಳಿಯದೆ ತಡವರಿಸಿಕೊಂಡೇ ಹೇಳಿದೆ. ನಮ್ಮ ಅತ್ತೆಯ ಊರು ಮುಳುಗಿದ್ದು, ನೆಲಕ್ಕೆ ಉಣ್ಣಿಸುವುದು, ನಮ್ಮ ಮನೆ ಬಿದ್ದದ್ದು, ಈಗ ನಿಮ್ಮದೂ, ಅಮಾವಾಸ್ಯೆಗೆ ನೀವೂ ಬರಬೇಕೆಂಬುದು. ಹೇಳುತ್ತ ಹೋದಂತೆ ಹುಚ್ಚಿಯ ಹಾಗೆ ಕೇಳಿಸುತ್ತಿದೆ ಅನ್ನಿಸಿತು, ಬೈದರೆ ಬೈಸಿಕೊಂಡು ಹೋಗೋಣ ಎಂದುಕೊಂಡೆ.

ಅವರು ಮನೆಯ ಕಡೆ ನೋಡಿದರು. ಬಾಗಿಲಿದ್ದ ಜಾಗದಲ್ಲಿ ಈಗ ಆಕಾಶವಿತ್ತು. ಆಮೇಲೆ ನೀರಿನ ಬಾಟಲಿಯ ಮುಚ್ಚಳ ಬಿಗಿಮಾಡಿ ನನ್ನ ಕಡೆ ತಿರುಗಿದರು.

"ನಾನೇನ್ ಮಾಡ್ಕೊಂಡ್ ಬರ್ಲಿ?" ಎಂದರು.